ಮನಸ್ಸು ಕಲ್ಲಾಯ್ತು ಎಂದ ಸಿಸ್ಟರ್ ಮತ್ತು 42 ಮೀಟರ್ ಕಾರಿಡಾರ್

ಆಪ್ತಸಲಹೆ ಪ್ರಕರಣ (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ)

ಕೋಲಾರದ ಒಂದು ಖಾಸಗಿ ಆಸ್ಪತ್ರೆಯ ಸ್ಟಾಫ್ ನರ್ಸ್. ಮೂವತ್ತು ದಾಟಿದ ವಯಸ್ಸು, 9 ವರ್ಷದ ಸರ್ವೀಸು, ಬಂಗಾರಪೇಟೆ ಕಡೆಯಿಂದ ಬಸ್ಸಿನಲ್ಲಿ ಓಡಾಟ. ಅವರು ಹೇಳಿಕೊಂಡದ್ದು ಇಷ್ಟು: “ಒಬ್ಬ ಅಜ್ಜಿ ಮೂರನೇ ಸಲ ನೀರು ಕೇಳಿದ್ರು, ರೇಗಿಬಿಟ್ಟೆ ಮೇಡಂ. ನಮ್ಮಮ್ಮನ ವಯಸ್ಸು ಅವರಿಗೆ. ಮೊದ್ಲು ಹಿಂಗಿರ್ಲಿಲ್ಲ ನಾನು, ಮನಸ್ಸು ಕಲ್ಲಾಗೋಯ್ತು.” ಹಗಲು ನಿದ್ದೆಯಿಲ್ಲ, ಕತ್ತು ನೋವು, ಒಂದೇ ವರ್ಷದಲ್ಲಿ ಎರಡು ಸಲ ಉರಿಮೂತ್ರ. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 11 ಅಂಕ, ಅಂದರೆ ಮಧ್ಯಮ ಮಟ್ಟ. ಸಾಯುವ ಯೋಚನೆಯನ್ನು ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ.

ಇಂಥವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ಸುಲಭ. ಹಾಗೆ ಮಾಡಿದರೆ, ತಪ್ಪು ನಿಮ್ಮೊಳಗೇ ಇದೆ ಎಂದು ನಾವೂ ಒಪ್ಪಿದಂತೆ. ಅದರ ಬದಲು ಎರಡು ವಾರ ಒಂದು ನೋಟ್‌ಬುಕ್ ಇಡಲು ಹೇಳಲಾಯಿತು. ಸಿಟ್ಟು ಬಂದಾಗಲೆಲ್ಲ ಗಂಟೆ, ಆಗ ಮಾಡುತ್ತಿದ್ದ ಕೆಲಸ, ನಿಂತಿದ್ದ ಜಾಗ, ಇವಿಷ್ಟನ್ನು ಬರೆಯಬೇಕು. ‘ಏನನ್ನಿಸಿತು’ ಎಂಬ ಕಾಲಂ ಬೇಕೆಂದೇ ಬಿಟ್ಟದ್ದು, ಅದಿದ್ದರೆ ಅವರು ತಮ್ಮನ್ನೇ ಬೈದುಕೊಂಡು ಪುಟ ತುಂಬಿಸುತ್ತಿದ್ದರು. 17 ನಮೂದುಗಳಲ್ಲಿ 12 ನರ್ಸಿಂಗ್ ಸ್ಟೇಷನ್‌ನಲ್ಲೇ ಆಗಿದ್ದವು. ಅವೂ ಎರಡೇ ಹೊತ್ತಿನಲ್ಲಿ: ಸಂಜೆ ನೋಡಲು ಬರುವವರ ಸಮಯ, ಬೆಳಗಿನ ಜಾವ 3ರಿಂದ 5.

ಆಮೇಲೆ ವಾರ್ಡಿನ ನಕ್ಷೆ ಬರೆಸಿದೆವು. 34 ಹಾಸಿಗೆ, ಒಂದೇ ಉದ್ದ ಕಾರಿಡಾರ್. ಸ್ಟೇಷನ್ ಇರುವುದು ಲಿಫ್ಟ್ ಪಕ್ಕ, ಸ್ಟೋರ್ ಇನ್ನೊಂದು ತುದಿಗೆ, ನಡುವೆ 42 ಮೀಟರ್. ಒಂದು ಪಾಳಿಗೆ ಸುಮಾರು 25 ಸಲ ಸ್ಟೋರಿಗೆ ಹೋಗಿ ಬರುತ್ತಿದ್ದರು. ಬರೀ ಹತ್ತಿ, ಸಿರಿಂಜು, ಐವಿ ಸೆಟ್ಟಿಗಾಗಿ 2 ಕಿಲೋಮೀಟರಿಗೂ ಹೆಚ್ಚು ನಡಿಗೆ! ಗ್ರಾನೈಟ್ ಕೌಂಟರ್ 110 ಸೆಂ.ಮೀ. ಎತ್ತರ, ನಿಂತಾಗ ಅವರ ಮೊಣಕೈ ಇರುವುದು 96ಕ್ಕೆ. ಕೇಸ್ ಶೀಟ್ ಬರೆಯುವಷ್ಟು ಹೊತ್ತೂ ಭುಜ ಎತ್ತಿಯೇ ಇರಬೇಕು, ಕತ್ತು ನೋವಿಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ಕೌಂಟರಿಗೆ ಮೂರು ಕಡೆಯೂ ಮರೆಯಿಲ್ಲ, ಲಿಫ್ಟಿನಿಂದ ಇಳಿದವರೆಲ್ಲ ಮೊದಲು ಕೇಳುವುದು ಇವರನ್ನೇ. ಇಂಜೆಕ್ಷನ್ ಲೋಡ್ ಮಾಡುವಾಗಲೂ “ಸಿಸ್ಟರ್, ಸ್ಕ್ಯಾನಿಂಗ್ ಎಲ್ಲಿ?” ಸ್ಟಾಫ್ ರೂಮು ಗ್ಲೂಕೋಸ್ ಬಾಟಲಿ ಪೆಟ್ಟಿಗೆಗಳ ಗೋದಾಮಾಗಿದೆ, ಟಾಯ್ಲೆಟ್ ಕೆಳಗಿನ ಮಹಡಿಯಲ್ಲಿದೆ. ಹಾಗಾಗಿ ನೀರೇ ಕುಡಿಯುವುದಿಲ್ಲ. ಉರಿಮೂತ್ರದ ಮೂಲ ಬಹುಶಃ ಅಲ್ಲೇ ಇದೆ.

ಸದ್ದಿನ ಲೆಕ್ಕ ಬೇರೆ. ವಿಟ್ರಿಫೈಡ್ ಟೈಲ್ಸ್, ಗಾರೆ ಚಾವಣಿ, ಗ್ರಾನೈಟ್, ಯಾವುದೂ ಸದ್ದನ್ನು ಹೀರುವುದಿಲ್ಲ. ಬಿದ್ದ ಕಿಡ್ನಿ ಟ್ರೇ ಸದ್ದು ಕೊನೆಯ ಹಾಸಿಗೆವರೆಗೂ ಹೋಗುತ್ತದೆ. ರಾತ್ರಿ ವಾರ್ಡಿನೊಳಗೆ ಸರಾಸರಿ 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಸೂಚಿಸಿದೆ. ಇವರ ಮೊಬೈಲ್ ಆ್ಯಪ್ ರಾತ್ರಿ 3ಕ್ಕೆ 56 ತೋರಿಸಿತು. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೆ ಅಂತರ ಇಷ್ಟು ದೊಡ್ಡದಿರುವಾಗ ಚೂರು ಹೆಚ್ಚುಕಮ್ಮಿಯಾದರೂ ಚಿಂತೆಯಿಲ್ಲ. ಇಡೀ ಕಾರಿಡಾರಿಗೆ ಒಂದೇ ಸ್ವಿಚ್ಚು, ರಾತ್ರಿಯೆಲ್ಲ ಕಣ್ಣು ಕುಕ್ಕುವ ಬಿಳಿ ಟ್ಯೂಬ್‌ಲೈಟ್.

ಕೊಟ್ಟ ಸಲಹೆಯ ಮೊದಲ ಭಾಗ, ಬೇಡಿಕೆಯನ್ನು ಹೇಗಿಡಬೇಕು ಎಂಬುದು. ಒಬ್ಬರೇ ಹೋದರೆ ‘ಈಯಮ್ಮಂದು ಯಾವಾಗಲೂ ಗೋಳು’ ಎಂದಾಗುತ್ತದೆ. ಮೂವರು ಸಹಿ ಹಾಕಿ, ಯಾರನ್ನೂ ದೂರದೆ, ಅಳತೆಗಳನ್ನಷ್ಟೇ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕೊಡಿ. ದುಡ್ಡು ಬೇಡದ್ದು ಮೊದಲು: ಹೆಚ್ಚು ಬೇಕಾಗುವ 10 ಸಾಮಾನಿಗೆ ಕಾರಿಡಾರ್ ನಡುವೆ ಬೀಗವಿರುವ ಟ್ರಾಲಿ, ಅದನ್ನು ತುಂಬಿಸುವ ಹೊಣೆ ಯಾವ ಪಾಳಿಯದೆಂದು ಬರೆದಿಟ್ಟ ಚೀಟಿ. ಚೀಟಿಯಿಲ್ಲದ ಟ್ರಾಲಿ ವಾರದೊಳಗೆ ಖಾಲಿ ಬೀಳುತ್ತದೆ. ಬರೆಯಲು ಕೌಂಟರಿನ ಹಿಂದೆ 75 ಸೆಂ.ಮೀ.ನ ಹಳೇ ಕಂಪ್ಯೂಟರ್ ಟೇಬಲ್. ಲಿಫ್ಟ್ ಎದುರು ದಾರಿ ತೋರಿಸುವ ದೊಡ್ಡ ಫಲಕ, ಕನ್ನಡದ ಜೊತೆ ತೆಲುಗಿನಲ್ಲೂ ಇರಲಿ, ಮುಳಬಾಗಿಲು ಕಡೆಯವರು ಕೇಳುವುದು ಅರ್ಧಕ್ಕರ್ಧ ಕಡಿಮೆಯಾದೀತು. ಟ್ರಾಲಿ ಚಕ್ರ ಬದಲಿಸಿ, ಸ್ಟೂಲ್ ಕಾಲಿಗೆ ರಬ್ಬರ್ ಬುಷ್ ಹಾಕಿಸಿ. ಮಾನಿಟರಿನ ಅಲಾರಂ ಮಿತಿಯನ್ನು ಡಾಕ್ಟರರ ಆದೇಶವಿಲ್ಲದೆ ಮುಟ್ಟಬೇಡಿ. ಆದರೆ ಚರ್ಮ ಒರೆಸಿ ಇಸಿಜಿ ಎಲೆಕ್ಟ್ರೋಡನ್ನು ದಿನಾ ಬದಲಿಸಿದರೆ ಸುಳ್ಳು ಅಲಾರಂ ತಗ್ಗುತ್ತದೆ. ಎಲೆಕ್ಟ್ರಿಷಿಯನ್‌ನಿಂದ ದೀಪದ ಸ್ವಿಚ್ಚು ಎರಡು ಭಾಗ ಮಾಡಿಸಿ. ಔಷಧಿ ತುಂಬುವ ಜಾಗದ ದೀಪ ಮಾತ್ರ ಎಂದೂ ಮಂದವಾಗಬಾರದು.

ಅವರು ತಂದ ಎರಡು ಆಲೋಚನೆಗಳನ್ನು ಬೇಡವೆಂದೆವು. ಸ್ಟೇಷನ್‌ನಲ್ಲಿ ಹೂಕುಂಡ ಇಟ್ಟರೆ ಮಣ್ಣಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ. ಗೋಡೆಗೆ ಫೋಮ್ ಶೀಟ್ ಅಂಟಿಸಿದರೆ ತೊಳೆಯಲಾಗದು, ಬೆಂಕಿಯ ಭಯವೂ ಉಂಟು. ಆಡಳಿತದ ಮೊದಲ ಉತ್ತರವಂತೂ ‘ನಗುತ್ತ ಸೇವೆ ಮಾಡಿ’ ಎಂದು ಗೋಡೆಗೆ ಬರೆಸಿದ್ದು.

ಎರಡನೇ ಭಾಗ ಮನೆಯದು. ರಾತ್ರಿ 3ರ ನಂತರ ಕಾಫಿ ಬೇಡ, ಬೆಳಗ್ಗೆ 9ರ ನಿದ್ದೆಗೆ ಅದೇ ಅಡ್ಡಿ. ಜೊತೆಯವರು ವಾರ್ಡ್ ನೋಡಿಕೊಂಡರೆ 20 ನಿಮಿಷ ಕಣ್ಣು ಮುಚ್ಚಿ, ಅದಕ್ಕಿಂತ ಹೆಚ್ಚಾದರೆ ಎದ್ದಾಗ ಮಂಕು. ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಬಟ್ಟೆ. ‘ಹಗಲೆಲ್ಲ ಮಲಗೋ ಸೊಸೆ’ ಎಂಬ ಮಾತಿಗೆ, ಅವರ ಒಪ್ಪಿಗೆ ಪಡೆದು ಗಂಡ ಮತ್ತು ಅತ್ತೆಯವರೊಡನೆ ಒಂದು ಸಲ ಕೂತು ಮಾತಾಡಿದ್ದಾಯಿತು. ಈಗ ನೈಟ್ ಡ್ಯೂಟಿಯ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಿಡುತ್ತಿರುವುದು ಅತ್ತೆಯವರೇ. ಅಂಕ 15 ದಾಟಿದರೆ ಅಥವಾ ಒಂಬತ್ತನೇ ಪ್ರಶ್ನೆಯ ಉತ್ತರ ಬದಲಾದರೆ ಕಾಯದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಬೇಕು, ರಾತ್ರಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದೂ ಬರೆದುಕೊಡಲಾಯಿತು.

ಆರು ವಾರದ ನಂತರ ಅಂಕ 6. ಸ್ಟೋರಿನ ಓಡಾಟ 25ರಿಂದ 9ಕ್ಕೆ ಇಳಿದಿದೆ. ಸ್ಟಾಫ್ ರೂಮಿನ ಅರ್ಧ ಜಾಗ ವಾಪಸ್ ಸಿಕ್ಕಿದೆ, ಎರಡು ಕುರ್ಚಿ, ಒಂದು ಪರದೆ, ಕುಡಿಯುವ ನೀರಿನ ಕ್ಯಾನು. ಟಾಯ್ಲೆಟ್ ಇನ್ನೂ ಕೆಳಗೇ. ರಾತ್ರಿ 34 ಹಾಸಿಗೆಗೆ ಈಗಲೂ ಇಬ್ಬರೇ ಸಿಸ್ಟರ್‌ಗಳು, ಅದನ್ನು ಯಾವ ಟೇಬಲ್ಲೂ ದೀಪವೂ ಸರಿಮಾಡವು, ಅದಕ್ಕೆ ಬೇರೆಯೇ ಅರ್ಜಿ ಹೋಗಿದೆ. ಸಂಜೆಯ ಹೊತ್ತು ಸಿಟ್ಟು ಈಗಲೂ ಬರುತ್ತದೆ. ಒಪಿಡಿಗೆ ಬದಲಾವಣೆ ಕೇಳಲೇ ಎಂದರು. ಹೊಸ ವ್ಯವಸ್ಥೆಯಲ್ಲಿ ಇನ್ನೆರಡು ಸುತ್ತು ನೈಟ್ ಡ್ಯೂಟಿ ಮುಗಿಸಿ, ನೋಟ್‌ಬುಕ್ ತನ್ನಿ, ಅದನ್ನು ನೋಡಿ ತೀರ್ಮಾನಿಸೋಣ ಎಂದಿದ್ದೇವೆ.