ಬೆನ್ನು ನೋವೇ ಇಲ್ಲ, ಆದರೂ ಬೆನ್ನುಮೂಳೆಯ ವಾತವೇ?

ಪ್ರಶ್ನೆ: ಮಗನಿಗೆ 13 ವರ್ಷ. ಹಿಮ್ಮಡಿ, ಮಂಡಿ ನೋವು. ಬೆಳಗ್ಗೆ ಎದ್ದಾಗ ಕುಂಟುತ್ತಾನೆ, ಓಡಾಡಿದ ಮೇಲೆ ಸರಿಹೋಗುತ್ತದೆ. ಡಾಕ್ಟರು ಬೆನ್ನುಮೂಳೆಗೆ ಬರುವ ಸಂಧಿವಾತದ ಜಾತಿ ಎಂದರು. ಬೆನ್ನು ನೋವೇ ಇಲ್ಲವಲ್ಲ! ಮುಂದೆ ಬೆನ್ನು ಬಗ್ಗಿಹೋಗುತ್ತದಾ?
– ಒಬ್ಬ ತಾಯಿ, ಹಾಸನ

ಉತ್ತರ: ಗಾಬರಿ ಬೇಡಮ್ಮ. ದೊಡ್ಡವರಲ್ಲಿ ಇದು ಹೆಚ್ಚಾಗಿ ಸೊಂಟದಿಂದ ಶುರುವಾಗುತ್ತದೆ, ಮಕ್ಕಳಲ್ಲಿ ಸಾಮಾನ್ಯವಾಗಿ ಕಾಲಿನಿಂದ. ಹಿಮ್ಮಡಿಯ ಹಿಂದೆ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಇದೆಯಲ್ವಾ, ಅಲ್ಲಿ ಬೆರಳಿಟ್ಟು ಒತ್ತಿದರೆ ಮಗು ಕಾಲು ಎಳೆದುಕೊಳ್ಳುತ್ತದೆ, ಎಷ್ಟೋ ಮನೆಗಳಲ್ಲಿ ಅದನ್ನು ಆಟದ ಪೆಟ್ಟು ಅಂತ ಸುಮ್ನೆ ಬಿಟ್ಟಿರುತ್ತಾರೆ. ಬೆನ್ನಿಗೆ ಬರಲು ವರ್ಷಗಳೇ ಹಿಡಿಯಬಹುದು. ಎಲ್ಲರಿಗೂ ಬರುವುದೂ ಇಲ್ಲ. ರಕ್ತ ಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ27 (ಈ ವಾತಕ್ಕೆ ನಂಟಿರುವ ಒಂದು ವಂಶವಾಹಿ) ಪಾಸಿಟಿವ್ ಇದ್ದರೆ, ತೊಡೆಸಂದು ನೋಯುತ್ತಿದ್ದರೆ ಸಾಧ್ಯತೆ ಜಾಸ್ತಿ. ಆರಂಭದಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು, ಸೊಂಟದ ಕೀಲಿನ ಉರಿಯೂತ ಎಂಆರ್‌ಐನಲ್ಲಿ ಮೊದಲೇ ಸಿಗುತ್ತದೆ. ನೋವಿನ ಮಾತ್ರೆ ಸಾಲದಿದ್ದರೆ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್, ಅಡಾಲಿಮುಮಾಬ್ ಇಂಜೆಕ್ಷನ್ ಇವೆ. ಮಕ್ಕಳ ಸಂಧಿವಾತ ತಜ್ಞರು ನೋಡಿ ಕೊಡಬೇಕು. ಆಟ ಬಿಡಿಸಬೇಡಿ. ಈಜು ಬಹಳ ಒಳ್ಳೆಯದು. ಈ ವಾತ ಇರುವವರಿಗೆ ಕಣ್ಣಿನೊಳಗೂ ಉರಿಯೂತ ಬರಬಹುದು; ಕಣ್ಣು ಕೆಂಪಾಗಿ ನೋಯ್ತಾ ಇದ್ದರೆ, ಬೆಳಕು ಚುಚ್ಚಿದರೆ, ಅಂಗಡಿಯ ಡ್ರಾಪ್ಸ್ ಹಾಕಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.