ಪ್ಯಾಲೆಟ್ (ಮಾಲು ಪೇರಿಸಿ ಫೋರ್ಕ್‌ಲಿಫ್ಟ್‌ನಿಂದ ಎತ್ತುವ ಹಲಗೆ) ಮೇಲೆ ಬಾಕ್ಸ್ ಇಡುವುದನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಅರೇಂಜ್’ ಸರಿಯೋ ‘ಪ್ಲೇಸ್’ ಸರಿಯೋ?

ಯಾವುದನ್ನು ಬೇಕಾದರೂ ಬರೆಯಿರಿ, ತಲೆಕೆಡಿಸಿಕೊಳ್ಳಬೇಕಾದ್ದು ಅದಕ್ಕಲ್ಲ. ಪ್ಯಾಕಿಂಗ್ ಸೂಚನೆ ಬರೆಯುವುದೇ ನನ್ನ ಕೆಲಸ. ಮಾಲು ಹಾಳಾಗುವುದು ಕ್ರಿಯಾಪದದಿಂದಲ್ಲ, ‘ಹೇಗೆ’ ಇಡಬೇಕೆಂದು ಹೇಳುವ ಪದ ಬಿಟ್ಟುಹೋದದ್ದರಿಂದ. ‘ಅರೇಂಜ್ ಪ್ರಾಪರ್ಲಿ’ ಅಂದರೆ ಲೋಡಿಂಗ್‌ನವರು ತಮಗೆ ತೋಚಿದಂತೆ ಇಡುತ್ತಾರೆ, ಅವರದೇನೂ ತಪ್ಪಿಲ್ಲ.

ದುಬಾರಿಯಾಗುವ ತಪ್ಪು ಬರೀ ‘ಸ್ಟ್ಯಾಕ್’ (ಪೇರಿಸಿ) ಎಂದು ಬರೆದು ಕೈತೊಳೆದುಕೊಳ್ಳುವುದು. 1200 × 1000 ಮಿ.ಮೀ. ಪ್ಯಾಲೆಟ್, 400 × 300 ತಳದ ರಟ್ಟಿನ ಬಾಕ್ಸ್ ಅಂದುಕೊಳ್ಳಿ. 1000ದ ಬದಿಯನ್ನು 400, 300, 300 ಎಂದು ಮೂರು ಪಟ್ಟಿಯಾಗಿ ಹಂಚಿದರೆ ಮೊದಲನೆಯದರಲ್ಲಿ 4, ಉಳಿದೆರಡರಲ್ಲಿ ಮೂರು ಮೂರು, ಒಟ್ಟು 10 ಬಾಕ್ಸ್ ಕೂರುತ್ತವೆ, ಚೂರೂ ಜಾಗ ಉಳಿಯುವುದಿಲ್ಲ. ಇದು ಒಂದು ‘ಲೇಯರ್’. ಮೇಲಿನ ಲೇಯರನ್ನೂ ಹಾಗೇ, ಮೂಲೆಗೆ ಮೂಲೆ ಕೂರಿಸಿದರೆ ‘ಕಾಲಮ್ ಸ್ಟ್ಯಾಕ್ಡ್’. ವಿನ್ಯಾಸವನ್ನು 180 ಡಿಗ್ರಿ ತಿರುಗಿಸಿ, ಗೋಡೆಯ ಇಟ್ಟಿಗೆಯಂತೆ ಕೆಳಗಿನ ಬಹುತೇಕ ಸಂದುಗಳನ್ನು ಮುಚ್ಚಿದರೆ ‘ಇಂಟರ್‌ಲಾಕ್ಡ್’. ರಟ್ಟಿನ ಬಾಕ್ಸ್ ಭಾರ ಹೊರುವುದು ಮುಖ್ಯವಾಗಿ ನಾಲ್ಕು ಮೂಲೆಗಳಲ್ಲಿ. ಇಂಟರ್‌ಲಾಕ್ ಮಾಡಿದಾಗ ಮೇಲಿನ ಮೂಲೆ ಕೆಳಗಿನ ಬಾಕ್ಸಿನ ಮೆತ್ತನೆಯ ನಡುಭಾಗಕ್ಕೆ ಬಂದು ಕೂರುತ್ತದೆ, ತಳದ ಲೇಯರ್ ಉಬ್ಬಿ ಕುಸಿಯಬಹುದು. ಕಾಲಮ್ ಸ್ಟ್ಯಾಕ್‌ಗೆ ವಾಲುವ ಚಾಳಿ ಇದೆ, ಅದಕ್ಕೆ ಸ್ಟ್ರೆಚ್ ಫಿಲ್ಮ್ (ಎಳೆದು ಬಿಗಿಯಾಗಿ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಲು ಹೇಳಿ. ಸಿಮೆಂಟ್ ಚೀಲಕ್ಕಾದರೆ ಮೂಲೆಯ ಪ್ರಶ್ನೆಯೇ ಇಲ್ಲ, ಇಂಟರ್‌ಲಾಕ್ ಮಾಡುವುದೇ ಒಳ್ಳೆಯದು.

ಎತ್ತರ ಹೇಳಲು ‘ರೋ’ ಬಳಸಲೇಬೇಡಿ. ‘ಫೈವ್ ರೋಸ್’ ಅಂದರೆ ನೆಲದ ಮೇಲಿನ ಐದು ಸಾಲು. ‘10 ಪರ್ ಲೇಯರ್, 5 ಲೇಯರ್ಸ್, 50 ಪರ್ ಪ್ಯಾಲೆಟ್’ ಅಂತ ಬರೆದರೆ ಎಣಿಸುವವರಿಗೂ ತಾಳೆ ಸಿಗುತ್ತದೆ.

ನಿಲ್ಲಿಸುವ ರೀತಿಗೆ ‘ಅಪ್‌ರೈಟ್’ ಸಾಲದು. ಇಟ್ಟಿಗೆಯನ್ನೇ ನೋಡಿ: ಅಗಲವಾಗಿ ಮಲಗಿದ್ದರೆ ‘ಫ್ಲಾಟ್’, ಉದ್ದನೆಯ ಕಿರಿದಾದ ಮಗ್ಗುಲ ಮೇಲಿದ್ದರೆ ‘ಆನ್ ಎಡ್ಜ್’, ತುದಿಯ ಮೇಲೆ ಎತ್ತರಕ್ಕೆ ನಿಂತಿದ್ದರೆ ‘ಆನ್ ಎಂಡ್’. ಗಾಜಿನ ಹಾಳೆಗೆ ‘ಆನ್ ಎಡ್ಜ್’ ಎಂದೇ ಬರೆಯಿರಿ, ಮಲಗಿಸಿ ಪೇರಿಸಿದರೆ ಕೆಳಗಿನದು ಬಿರುಕು ಬಿಡಬಹುದು. ಒಂದರೊಳಗೊಂದು ಕೂರುವ ಬಕೆಟ್, ಲೋಟಗಳಿಗೆ ‘ನೆಸ್ಟೆಡ್’.

ಅಂತರದ ವಿಷಯದಲ್ಲಿ ‘100 ಎಂಎಂ ಅಪಾರ್ಟ್’ ಅನ್ನುವುದು ಜಗಳಕ್ಕೆ ದಾರಿ, ಅದು ನಡುಬಿಂದುವಿನಿಂದ ನಡುಬಿಂದುವಿಗೋ ಖಾಲಿ ಜಾಗವೋ ತಿಳಿಯುವುದಿಲ್ಲ. ಹೊರವ್ಯಾಸ 40 ಮಿ.ಮೀ. ಇರುವ ಪೈಪುಗಳನ್ನು ‘ಅಟ್ 100 ಎಂಎಂ ಸೆಂಟರ್ಸ್’, ಅಂದರೆ ನಡುಬಿಂದುವಿನಿಂದ ನಡುಬಿಂದುವಿಗೆ 100 ಬರುವಂತೆ ಇಟ್ಟರೆ ನಡುವೆ ಉಳಿಯುವ ಖಾಲಿ ಜಾಗ 60 ಮಾತ್ರ. ನಿಮಗೆ ಬೇಕಾದ್ದು ಖಾಲಿ ಜಾಗವಾದರೆ ‘ಗ್ಯಾಪ್’ ಎಂದೇ ಬರೆಯಿರಿ.

‘ಲೆಫ್ಟ್’, ‘ಫ್ರಂಟ್’ ಬರೆಯುವ ಮುನ್ನ ಎಲ್ಲಿ ನಿಂತು ನೋಡಬೇಕೆಂದು ಹೇಳಿ. ನಾಲ್ಕೂ ಕಡೆಯಿಂದ ಫೋರ್ಕ್‌ಲಿಫ್ಟ್‌ನ ಫೋರ್ಕ್ ತೂರುವ ಪ್ಯಾಲೆಟ್‌ಗೆ ಮುಂಭಾಗ ಅಂತ ಒಂದಿರುವುದಿಲ್ಲ, ಹಾಗಾಗಿ ‘ಫೇಸಿಂಗ್ ದಿ 1200 ಎಂಎಂ ಸೈಡ್’ ಅಂತ ಶುರುಮಾಡಿ, ಆ ಬದಿ ಯಾವುದೆಂದು ಚಿತ್ರದಲ್ಲಿ ಬಾಣ ಹಾಕಿ.