ಅಜ್ಜ ಫ್ರೆಂಚ್ ಸೈನ್ಯದಲ್ಲಿದ್ದರಂತೆ: ದಾಖಲೆ ಹುಡುಕುವುದು ಹೇಗೆ?

ಪ್ರಶ್ನೆ: ನನ್ನ ತಾಯಿಯ ಅಜ್ಜ ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಕಾರೈಕಾಲಿನವರು. ಫ್ರೆಂಚ್ ಸೈನಿಕರಾಗಿ ಸೈಗಾನ್‌ನಲ್ಲಿದ್ದು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೂ ಹೋಗಿ ಬಂದರಂತೆ. ಮನೆಯಲ್ಲಿ ಒಂದು ಪದಕ, ಒಂದು ಹರಿದ ಕಿರುಪುಸ್ತಕ ಇವೆ. ಅಂತರ್ಜಾಲದಲ್ಲಿ ಅವರ ಹೆಸರೇ ಸಿಗುತ್ತಿಲ್ಲ.

ಉತ್ತರ: ಪದಕದಿಂದ ಹೆಚ್ಚು ನಿರೀಕ್ಷಿಸಬೇಡಿ. ಬ್ರಿಟಿಷರ ಯುದ್ಧಪದಕದ ಅಂಚಿನಲ್ಲಿ ಸೈನಿಕನ ಹೆಸರು, ಸಂಖ್ಯೆ ಕೊರೆದಿರುತ್ತವೆ. ಫ್ರೆಂಚರಲ್ಲಿ ಸಾಮಾನ್ಯವಾಗಿ ಆ ರೂಢಿಯಿಲ್ಲ. ರಿಬ್ಬನ್ನಿಗೆ ಲೋಹದ ಪಟ್ಟಿಯಿದ್ದರೆ ಯಾವ ಪ್ರದೇಶದ ಸೇವೆ ಎಂಬುದಷ್ಟೇ ತಿಳಿಯುತ್ತದೆ. ನಿಮ್ಮ ನಿಜವಾದ ಆಸ್ತಿ ಆ ಕಿರುಪುಸ್ತಕ, 'ಲಿವ್ರೆ ಮಿಲಿಟೇರ್', ಅಂದರೆ ಸೈನಿಕನ ಸೇವಾ ಪುಸ್ತಕ. ಅದರ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಹರಿದ ಹಾಳೆಗೆ ಸೆಲ್ಲೊಟೇಪ್ ಮಾತ್ರ ಹಚ್ಚಬೇಡಿ.

ಅದರಲ್ಲಿ ಮೊದಲು 'ಕ್ಲಾಸ್', ಅಂದರೆ ಸೇನಾ ನೇಮಕಾತಿಯ ವರ್ಷದ ತಂಡ, ನೋಡಿ. ಹುಟ್ಟಿದ ವರ್ಷಕ್ಕೆ 20 ಕೂಡಿಸಿದರೆ ಬರುವ ವರ್ಷ ಅದು. 1890ರಲ್ಲಿ ಹುಟ್ಟಿದವರದು 1910ರ ಕ್ಲಾಸ್. ಆಮೇಲೆ 'ಮಾತ್ರಿಕ್ಯೂಲ್', ಅಂದರೆ ನೋಂದಣಿ ಸಂಖ್ಯೆ. ಬಹಳಷ್ಟು ಹುಡುಕಾಟ ಎಡವುವುದು ಇಲ್ಲೇ, ಏಕೆಂದರೆ ಸಂಖ್ಯೆಗಳು ಎರಡು. 'ಒ ಕೋರ್' ಎಂದಿರುವುದು ರೆಜಿಮೆಂಟ್ ಕೊಟ್ಟದ್ದು, ತುಕಡಿ ಬದಲಾದರೆ ಅದೂ ಬದಲಾಗುತ್ತದೆ. 'ಒ ರೆಕ್ರೂತ್‌ಮಾಂ' ಎಂದಿರುವುದು ನೇಮಕಾತಿ ಕಚೇರಿಯದು. ಪತ್ರಾಗಾರಕ್ಕೆ ಪತ್ರ ಬರೆಯುವಾಗ ಎರಡನ್ನೂ, ಯಾವುದು ಯಾವುದೆಂದು ಹೇಳಿಯೇ ಕೊಡಿ.

ಹೆಸರು ಸಿಗದಿರಲು ಕಾಗುಣಿತವೇ ಕಾರಣವಿರಬಹುದು. ಫ್ರೆಂಚ್ ಗುಮಾಸ್ತ 'ಉ' ಕಾರಕ್ಕೆ ಓ, ಯು ಎಂಬ ಎರಡಕ್ಷರ ಬಳಸುತ್ತಿದ್ದ. ಮುರುಗಯ್ಯನ್ ಎಂಬುದನ್ನು ಹಾಗೆ ಬರೆದು ನೋಡಿ. ಸ್ವರಗಳ ನಡುವಿನ ಒಂಟಿ ಎಸ್ ಫ್ರೆಂಚಿನಲ್ಲಿ ಝ ಆಗುತ್ತದೆ, ಹಾಗಾಗಿ ರಾಮಸಾಮಿಗೆ ಎರಡು ಎಸ್. ಇನ್ನೊಂದು ಸಾಧ್ಯತೆ, 1881ರ ಸೆಪ್ಟೆಂಬರ್ 21ರ ಆದೇಶ. ಅದರನ್ವಯ ಸ್ಥಳೀಯ ವೈಯಕ್ತಿಕ ಕಾನೂನು ತೊರೆದು ಫ್ರೆಂಚ್ ಕಾನೂನಿಗೆ ಒಳಪಟ್ಟ 'ರೆನೊನ್ಸಾಂ'ಗಳು ಕುಟುಂಬನಾಮವನ್ನೂ ಆರಿಸಿಕೊಂಡರು. ಆ ಘೋಷಣೆ ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳಿಗಷ್ಟೇ ಅನ್ವಯ; ಹೀಗಾಗಿ ವಯಸ್ಕ ಅಣ್ಣತಮ್ಮಂದಿರ ಕುಟುಂಬನಾಮ ಬೇರೆಬೇರೆ ಇರಬಹುದು.

ಇನ್ನು ಜನನ ದಾಖಲೆ. ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿರುವ ಸಾಗರೋತ್ತರ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಫ್ರೆಂಚ್ ಭಾರತದ ಹಳೆಯ ಜನನ, ಮದುವೆ, ಮರಣ ಪುಸ್ತಕಗಳ ಚಿತ್ರಗಳಿವೆ. ಊರು ಮತ್ತು ವರ್ಷ ಆರಿಸಿ ಪುಟ ತಿರುವಬೇಕು, ಹೆಸರು ಟೈಪ್ ಮಾಡಿದರೆ ಸಾಲದು. ಮದುವೆ ದಾಖಲೆ ಸಿಕ್ಕರೆ ಬಿಡಬೇಡಿ, ತಂದೆತಾಯಿಯರ ಹೆಸರು ಅದರಲ್ಲೇ ಬರುತ್ತದೆ.

ಫ್ರೆಂಚ್ ರಕ್ಷಣಾ ಸಚಿವಾಲಯದ 'ಮೆಮ್ವಾರ್ ದೆಝೊಮ್' ಜಾಲತಾಣದ 1914–18ರ ಪಟ್ಟಿ ಫ್ರಾನ್ಸಿಗಾಗಿ ಮಡಿದವರದು. ನಿಮ್ಮ ಅಜ್ಜ ಬದುಕಿ ಬಂದವರು, ಅಲ್ಲಿ ಹೆಸರಿಲ್ಲದ್ದಕ್ಕೆ ಬೇಸರ ಬೇಡ. ಆದರೆ ರೆಜಿಮೆಂಟ್ ತಿಳಿದರೆ, ಅದೇ ತಾಣದಲ್ಲಿರುವ ತುಕಡಿಯ ದಿನಚರಿಯಿಂದ ಅವರು ಯಾವ ತಿಂಗಳು ಎಲ್ಲಿದ್ದಿರಬಹುದೆಂದು ತಿಳಿಯುತ್ತದೆ. ಸಾಮಾನ್ಯ ಸೈನಿಕರ ಹೆಸರು ಅದರಲ್ಲಿ ಅಪರೂಪ.

ಸೇವಾ ಕಡತಕ್ಕೆ ಫ್ರಾನ್ಸಿನ ಪೋ ನಗರದ ಸೇನಾ ಸಿಬ್ಬಂದಿ ಪತ್ರಾಗಾರಕ್ಕೆ ಫ್ರೆಂಚಿನಲ್ಲೇ ಬರೆಯಿರಿ. ಹೆಸರಿನ ಎಲ್ಲ ಕಾಗುಣಿತಗಳು, ಹುಟ್ಟಿದ ದಿನ, ಊರು, ಕ್ಲಾಸ್, ಎರಡೂ ಸಂಖ್ಯೆಗಳು, ಜೊತೆಗೆ ಲಿವ್ರೆಯ ಮೊದಲ ಪುಟದ ಪ್ರತಿ ಇರಲಿ. 1900ಕ್ಕಿಂತ ಹಿಂದೆ ಸೇರಿದವರಾದರೆ ನೌಕಾ ಇಲಾಖೆಯ ಕಾಗದಗಳನ್ನೂ ನೋಡಿಸಬೇಕು. ಅಲ್ಲಿಯವರೆಗೆ ನೌಕಾ ಇಲಾಖೆಯಡಿಯಿದ್ದ ವಸಾಹತು ಪಡೆ ಯುದ್ಧ ಸಚಿವಾಲಯಕ್ಕೆ ಸೇರಿದ್ದು ಆ ವರ್ಷ.

ಪ್ರಶ್ನೆ: ನಮ್ಮ ಮೂಲಪುರುಷ ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಸಿಪಾಯಿ ಎನ್ನುತ್ತಾರೆ. ದಾಖಲೆ ಸಿಗಬಹುದೇ?

ಉತ್ತರ: ಆತನಿಗೆ ಸಂಬಳ ಕೊಟ್ಟವರು ಯಾರು ಎಂಬುದರ ಮೇಲಿದೆ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬರಲು ಕಾರಣರಾದಂಥ ಸೈನಿಕರಲ್ಲಿ ಹಲವರು ಹೈದರ್, ಟಿಪ್ಪುವಿನ ಸಂಬಳದ ಆಳುಗಳು. ಆ ಸೇವೆ ಫ್ರೆಂಚ್ ಸೇನಾಪಟ್ಟಿಯಲ್ಲಿ ಸಿಗುವ ಸಂಭವ ಕಡಿಮೆ. ಬದಲಿಗೆ ಆತ ಭಾರತಕ್ಕೆ ಬಂದದ್ದು ಹೇಗೆಂದು ಹುಡುಕಿ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ನಾವಿಕರು, ಪ್ರಯಾಣಿಕರ ಪಟ್ಟಿ 'ಮೆಮ್ವಾರ್ ದೆಝೊಮ್'ನಲ್ಲಿದೆ. ಎಕ್ಸ್‌ನ ಪತ್ರಾಗಾರದಲ್ಲಿ ವಸಾಹತು ಪಡೆಗಳ ಪಟ್ಟಿಗಳು ಡಿ2ಸಿ ಸರಣಿಯಲ್ಲಿವೆ. 1798ರಲ್ಲಿ ಟಿಪ್ಪುವಿನ ನೆರವಿಗೆ ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರ ಪೈಕಿಯವನಾದರೆ ಮಾರಿಷಸ್ಸಿನ ದಾಖಲೆಗಳಿಂದ ಶುರುಮಾಡಿ, ಏಕೆಂದರೆ ಆ ಗುಂಪು ಕೂಡಿದ್ದು ಅಲ್ಲಿ.